ಸೃಷ್ಟಿಯ ಕಾಳಜಿ ಮತ್ತು ಬೆಂಗಳೂರಿನ ಕಥೋಲಿಕ ಯುವಜನರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಯುವಜನ ಸಂಘಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ಮತ್ತು ಕಾಲೇಜು ವಿದ್ಯಾರ್ಥಿಗಳ ಕೂಟಗಳಲ್ಲಿ ಪರಿಸರದ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಉತ್ತರಗಳು ಒಂದೇ ಅಳತೆಯವಲ್ಲ. ಕಸ ಮತ್ತು ನೀರಿಗೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ: ಈ ಊರಿನಲ್ಲಿ ಧರ್ಮಸಭೆಯ ಬೋಧನೆ ನಿತ್ಯವೂ ಪರೀಕ್ಷೆಗೊಳಗಾಗುವುದು ಆ ಎರಡು ಕಡೆಗಳಲ್ಲಿಯೇ.

ಪರಿಸರದ ಕಾಳಜಿ ನಿಜವಾಗಿಯೂ ಧರ್ಮಸಭೆಯ ಬೋಧನೆಯೇ? ಇತ್ತೀಚೆಗೆ ಹೊರಗಿನಿಂದ ಸೇರಿಕೊಂಡ ವಿಷಯವಲ್ಲವೇ?

ಬೋಧನೆಯೇ, ಮತ್ತು ಹಳೆಯ ಬೋಧನೆಯೇ. ಸರ್ವೇಶ್ವರ ಮನುಷ್ಯನನ್ನು ಏದೆನ್ ತೋಟದಲ್ಲಿರಿಸಿದ್ದು ಅದನ್ನು ಕೃಷಿ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡದ ಎರಡನೆಯ ಅಧ್ಯಾಯ ಹೇಳುತ್ತದೆ. ಆಧುನಿಕ ಕಾಲಕ್ಕೆ ಬಂದರೆ, ಪ್ರಕೃತಿಯನ್ನು ವಿವೇಚನೆಯಿಲ್ಲದೆ ದೋಚುವ ಮನುಷ್ಯ ಕೊನೆಗೆ ತಾನೇ ಆ ದೋಚುವಿಕೆಗೆ ಬಲಿಯಾಗಬಹುದೆಂದು ಪೋಪ್ ಆರನೆಯ ಪೌಲರು 1971ರಲ್ಲಿಯೇ ಎಚ್ಚರಿಸಿದ್ದರು. ಪೋಪ್ ಎರಡನೆಯ ಜಾನ್ ಪೌಲರು 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. 1990ರ ಶಾಂತಿ ದಿನದ ತಮ್ಮ ಸಂದೇಶವನ್ನು ಪೂರ್ತಿಯಾಗಿ ಸೃಷ್ಟಿಯ ವಿಷಯಕ್ಕೇ ಮೀಸಲಿಟ್ಟರು. ಪೋಪ್ ಹದಿನಾರನೆಯ ಬೆನೆಡಿಕ್ಟರು 2010ರ ಶಾಂತಿ ಸಂದೇಶದಲ್ಲಿ ಅದೇ ಎಳೆಯನ್ನು ಮುಂದುವರಿಸಿದರು.

ಹೆಚ್ಚು ಜನ ಗಮನಿಸದ ಒಂದು ಸಂಗತಿಯೂ ಇದೆ. ಕಥೋಲಿಕ ಧರ್ಮೋಪದೇಶದ ಅಧಿಕೃತ ಗ್ರಂಥವು ಸೃಷ್ಟಿಯ ಸಮಗ್ರತೆಯನ್ನು ಗೌರವಿಸುವ ವಿಷಯವನ್ನು ಏಳನೆಯ ಆಜ್ಞೆಯಡಿಯಲ್ಲಿ, ಅಂದರೆ ‘ಕದಿಯಬೇಡ’ ಎಂಬ ಆಜ್ಞೆಯಡಿಯಲ್ಲಿ, 2415ನೆಯ ಪರಿಚ್ಛೇದದಲ್ಲಿ ಇರಿಸಿದೆ. ಮುಂದಿನ ತಲೆಮಾರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇನ್ನೂ ಹುಟ್ಟದವರ ಪಾಲಿನ ನೀರನ್ನು ನಾವು ಖಾಲಿ ಮಾಡುವುದು ಯಾವ ಬಗೆಯ ಪಾಪ ಎಂದು ಕೇಳುವವರಿಗೆ ಈ ಒಂದು ಪರಿಚ್ಛೇದ ತೋರಿಸಿದರೆ ಸಾಕು.

‘ಲೌದಾತೊ ಸಿ’ ಎಂದರೇನು? ಅದನ್ನು ಪೂರ್ತಿ ಓದಲೇಬೇಕೇ?

ಪೋಪ್ ಫ್ರಾನ್ಸಿಸರು 2015ರ ಮೇ 24ರ ದಿನಾಂಕ ಹಾಕಿ, ಅದೇ ವರ್ಷದ ಜೂನ್ 18ರಂದು ಪ್ರಕಟಿಸಿದ ವಿಶ್ವಪತ್ರ, ಅಂದರೆ ಪೋಪರ ಬೋಧನಾ ಪತ್ರ, ಅದು. ಹೆಸರು ಬಂದಿರುವುದು ಸಂತ ಫ್ರಾನ್ಸಿಸರ ಸೃಷ್ಟಿಗೀತೆಯಿಂದ. ಆರು ಅಧ್ಯಾಯಗಳು, 246 ಪರಿಚ್ಛೇದಗಳು. ಒಂದೇ ಉಸಿರಿಗೆ ಓದಿ ಮುಗಿಸಬೇಕೆಂದು ಹೊರಟ ಸಂಘಗಳು ಸಾಮಾನ್ಯವಾಗಿ ಎರಡನೆಯ ಅಧ್ಯಾಯದಲ್ಲಿ ನಿಂತುಬಿಡುತ್ತವೆ. ಆದ್ದರಿಂದ ಮೊದಲು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆನ್ನುವ 49ನೆಯ ಪರಿಚ್ಛೇದವನ್ನು, ನಮ್ಮ ಮುಂದಿರುವುದು ಪರಿಸರದ ಬಿಕ್ಕಟ್ಟು ಮತ್ತು ಸಮಾಜದ ಬಿಕ್ಕಟ್ಟು ಎಂಬ ಎರಡು ಬೇರೆ ಬಿಕ್ಕಟ್ಟುಗಳಲ್ಲ ಎನ್ನುವ 139ನೆಯದನ್ನು, ಮತ್ತು ದಿನನಿತ್ಯದ ಸಣ್ಣ ಕೆಲಸಗಳನ್ನು ಹೆಸರಿಸಿ ಹೇಳುವ 211ನೆಯದನ್ನು ಓದುವುದು ಒಳ್ಳೆಯದು. ಈ ಮೂರನ್ನು ಒಂದು ಸಂಜೆಯ ಸಭೆಯಲ್ಲಿ ಓದಿ ಚರ್ಚಿಸಬಹುದು.

ಇಡೀ ಪತ್ರದ ತಿರುಳು 49 ಮತ್ತು 139ರಲ್ಲಿದೆ. ಬಡವರನ್ನು ಬಿಟ್ಟು ಮರಗಿಡಗಳನ್ನಷ್ಟೇ ಕಾಣುವ ಪರಿಸರಪ್ರೀತಿಗೆ ಈ ಪತ್ರದಲ್ಲಿ ಆಧಾರ ಸಿಗುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಪೋಪ್ ಫ್ರಾನ್ಸಿಸರು ತೀರಿಕೊಂಡ ಮೇಲೆ ಈ ವಿಷಯ ಹಿಂದೆ ಸರಿಯಿತೇ?

ಇಲ್ಲ. ಫ್ರಾನ್ಸಿಸರು 2023ರ ಅಕ್ಟೋಬರ್ 4ರಂದು ‘ಲೌದಾತೆ ದೇವುಂ’ ಎಂಬ ಪ್ರಬೋಧನ ಪತ್ರದ ಮೂಲಕ ಹವಾಮಾನ ಬಿಕ್ಕಟ್ಟಿನ ಬಗ್ಗೆ ಮತ್ತಷ್ಟು ಖಾರವಾಗಿಯೇ ಬರೆದಿದ್ದರು. ಅವರು 2025ರ ಏಪ್ರಿಲ್ 21ರಂದು ನಿಧನರಾದರು. ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ಅವರ ಕಾಲದಲ್ಲಿ, ಅದೇ ವರ್ಷದ ಜುಲೈ ತಿಂಗಳಲ್ಲಿ, ಸೃಷ್ಟಿಯ ಪಾಲನೆಗಾಗಿ ಅರ್ಪಿಸುವ ಬಲಿಪೂಜೆಯ ಪ್ರಾರ್ಥನೆಗಳು ಪ್ರಕಟವಾದವು.

ಬೆಂಗಳೂರಿನಲ್ಲಿ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಚರ್ಚಿನ ಆವರಣದ ಕಸದಿಂದ. ಈ ಉತ್ತರ ಅನೇಕರಿಗೆ ನಿರಾಸೆ ತರುತ್ತದೆ. ಕೆರೆ ಉಳಿಸುವ ಅಥವಾ ಕಾಡು ಬೆಳೆಸುವ ದೊಡ್ಡ ಕನಸಿನೊಂದಿಗೆ ಬಂದವರಿಗೆ ಬಕೆಟ್ಟು ಮತ್ತು ಕೈಗವಸು ಕೊಟ್ಟಂತಾಗುತ್ತದೆ. ಆದರೂ ಈ ನಗರದ ಇತ್ತೀಚಿನ ಇತಿಹಾಸ ತಿಳಿದವರು ಬೇರೆ ಸಲಹೆ ಕೊಡಲಾರರು.

ನಗರದ ಕಸ ದಶಕದ ಹಿಂದಿನವರೆಗೆ ಯಲಹಂಕದ ಆಚೆಗಿನ ಮಾವಳ್ಳಿಪುರಕ್ಕೂ ಪೂರ್ವ ದಿಕ್ಕಿನ ಮಂಡೂರಿಗೂ ಹೋಗುತ್ತಿತ್ತು. ಹಸಿ, ಒಣ, ಆಸ್ಪತ್ರೆ, ಸ್ಯಾನಿಟರಿ ಎಲ್ಲವೂ ಬೆರೆತ ಆ ರಾಶಿಗಳ ರಸ ಅಲ್ಲಿನ ಬಾವಿಗಳಿಗೆ ಇಳಿಯಿತು. ನೊಣ, ವಾಸನೆ, ಕಾಯಿಲೆ ಅಲ್ಲಿನವರ ಪಾಲಾಯಿತು. ಗ್ರಾಮಸ್ಥರ ಪ್ರತಿಭಟನೆಯ ನಂತರ ಮಾವಳ್ಳಿಪುರಕ್ಕೆ 2012ರಲ್ಲಿ ಕಸ ಸಾಗಿಸುವುದು ನಿಂತಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು. ಮಂಡೂರಿಗೆ ಸಾಗಣೆ ನಿಂತಿದ್ದು 2014ರ ಕೊನೆಯಲ್ಲಿ. ಭೂಮಿಯ ಕೂಗು ಮತ್ತು ಬಡವರ ಕೂಗು ಒಂದೇ ಎಂಬ ಮಾತಿಗೆ ಉದಾಹರಣೆ ಹುಡುಕಿಕೊಂಡು ಅಮೆಜಾನಿಗೆ ಹೋಗಬೇಕಿಲ್ಲ. ಮಂಡೂರಿಗೆ ಹೋದರೆ ಸಾಕು.

ಮೂಲದಲ್ಲಿಯೇ ಕಸ ವಿಂಗಡಿಸುವುದನ್ನು ಹೈಕೋರ್ಟು 2012ರಲ್ಲಿಯೇ ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಎಂಬ ಪದ್ಧತಿ 2015ರ ಆದೇಶದಿಂದ ಊರಿಗೆಲ್ಲ ಪರಿಚಯವಾಯಿತು. ಮನೆಗಳಲ್ಲಿ ಇದು ಎಷ್ಟೋ ಮಟ್ಟಿಗೆ ನಡೆಯುತ್ತಿದೆ. ಚರ್ಚಿನ ಸಭಾಂಗಣದಲ್ಲಿ ಮದುವೆಯೂಟ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ.

ಆದ್ದರಿಂದ ಯುವಜನ ಸಂಘದ ಮೊದಲ ಕೆಲಸ ಒಂದು ತಿಂಗಳ ಕಾಲ ನೋಡುವುದು. ಭಾನುವಾರದ ಪೂಜೆಗಳ ನಂತರ, ಧರ್ಮೋಪದೇಶದ ಮಕ್ಕಳಿಗೆ ತಿಂಡಿ ಕೊಟ್ಟ ನಂತರ, ಮದುವೆ ಮತ್ತು ನಾಮಕರಣದ ಔತಣಗಳ ನಂತರ ಯಾವ ಕಸ ಎಷ್ಟು ಬೀಳುತ್ತದೆ, ಅದನ್ನು ಯಾರು ಎತ್ತುತ್ತಾರೆ, ಆಟೋ ಟಿಪ್ಪರ್ ಎಷ್ಟು ಗಂಟೆಗೆ ಬರುತ್ತದೆ, ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಆಮೇಲೆ ಡಬ್ಬಗಳನ್ನು ಇಡಬೇಕು. ಫಲಕಗಳು ಕನ್ನಡದಲ್ಲಿಯೂ, ಆ ಧರ್ಮಕೇಂದ್ರದಲ್ಲಿ ಪೂಜೆ ನಡೆಯುವ ಇತರ ಭಾಷೆಗಳಲ್ಲಿಯೂ ಇರಲಿ. ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು. ಹಸಿ ಕಸವನ್ನು ಆವರಣದಲ್ಲಿಯೇ ಗೊಬ್ಬರ ಮಾಡಬಹುದು. ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಪದರ ಪದರವಾಗಿ ಬೆರೆಸಿ, ಗಾಳಿಯಾಡಲು ಬಿಟ್ಟು, ಆಗಾಗ ಮಗುಚುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ವಾಸನೆ ಬಂದರೆ ತೇವ ಹೆಚ್ಚಾಗಿದೆ, ಒಣ ಎಲೆ ಸಾಲದು ಎಂದರ್ಥ. ಆವರಣದ ಎಲೆಗಳನ್ನು ಗುಡಿಸಿ ಸುಡುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ ಇಲ್ಲಿಗೆ ತಿರುಗಿಸಿ.

ಪೌರಕಾರ್ಮಿಕರ ವಿಷಯವನ್ನು ಇದರಲ್ಲಿ ಏಕೆ ಸೇರಿಸಬೇಕು?

ಬೇರ್ಪಡಿಸದ ಕಸವನ್ನು ಕೊನೆಗೆ ಯಾರಾದರೂ ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ. ಈ ನಗರದಲ್ಲಿ ಆ ಕೈಗಳು ಬಹುಮಟ್ಟಿಗೆ ದಲಿತ ಮಹಿಳೆಯರವು. ನಮ್ಮ ಮನೆಯ ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡುವುದು ಅವರ ಮಾನವ ಘನತೆಗೆ ಸಲ್ಲಿಸುವ ಕನಿಷ್ಠ ಗೌರವ. ಚಿಂದಿ ಆಯುವವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಕೊಡುವ ಕೆಲಸ ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾಯಿತು. ಅವರಲ್ಲಿ ಕೆಲವರು ಇಂದು ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ಅಂಥ ಒಂದು ಕೇಂದ್ರಕ್ಕೆ ಯುವಜನರು ಭೇಟಿ ಕೊಟ್ಟು ಅವರಿಂದ ಪಾಠ ಕೇಳುವುದು ಯಾವ ಸ್ಲೈಡ್ ಪ್ರದರ್ಶನಕ್ಕಿಂತಲೂ ಮೇಲು. ಯಾವ ಪ್ಲಾಸ್ಟಿಕ್ಕಿಗೆ ಬೆಲೆಯಿದೆ, ಯಾವುದನ್ನು ಯಾರೂ ಕೊಳ್ಳುವುದಿಲ್ಲ, ತೊಳೆಯದ ಹಾಲಿನ ಪ್ಯಾಕೆಟ್ಟು ಎಷ್ಟು ತೊಂದರೆ ಕೊಡುತ್ತದೆ ಎಂಬುದನ್ನು ಅವರಷ್ಟು ನಿಖರವಾಗಿ ಹೇಳುವವರಿಲ್ಲ.

ವರ್ಷಕ್ಕೊಮ್ಮೆ ಪೌರಕಾರ್ಮಿಕರಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಶಾಲಿಗಿಂತ ಅವರಿಗೆ ಕುಡಿಯುವ ನೀರು ಮತ್ತು ಬಳಸಲು ಶೌಚಾಲಯ ಬೇಕು. ಚರ್ಚಿನ ಆವರಣದಲ್ಲಿ ಎರಡೂ ಇರುತ್ತವೆ. ಬೆಳಗಿನ ಹೊತ್ತು ಅವನ್ನು ಅವರಿಗಾಗಿ ತೆರೆದಿಡಲು ಹಣ ಬೇಕಿಲ್ಲ, ಗುರುಗಳ ಒಪ್ಪಿಗೆ ಸಾಕು.

ಹಬ್ಬಗಳಲ್ಲಿ ಏನು ಮಾಡಬಹುದು?

ಸೃಷ್ಟಿಯ ಕಾಲವೆಂದು ಕ್ರೈಸ್ತ ಸಭೆಗಳು ಒಟ್ಟಾಗಿ ಆಚರಿಸುವ ಅವಧಿ ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಹಬ್ಬ ಸೆಪ್ಟೆಂಬರ್ 8ರಂದು. ನವದಿನಗಳ ಪ್ರಾರ್ಥನೆಗೂ ತೇರಿಗೂ ಎಲ್ಲ ಧರ್ಮಗಳ ಭಕ್ತರು ಸೇರುವ ಹಬ್ಬ ಅದು. ನಗರದ ಅತಿ ದೊಡ್ಡ ಕ್ರೈಸ್ತ ಜನಸಂದಣಿ ಹೀಗೆ ಸೃಷ್ಟಿಯ ಕಾಲದ ಆರಂಭದಲ್ಲಿಯೇ ಬರುತ್ತದೆ.

ನಿಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಅನ್ವಯಿಸಿ ಹೇಳುವುದಾದರೆ, ಅನ್ನದಾನದ ಊಟಕ್ಕೆ ಬಾಳೆಲೆ, ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ಸ್ಟೀಲ್ ತಟ್ಟೆ ಲೋಟಗಳನ್ನು ಒಮ್ಮೆ ಕೊಂಡು ಧರ್ಮಕೇಂದ್ರದಲ್ಲಿಯೇ ಇಟ್ಟು, ಸಣ್ಣ ಮೊತ್ತಕ್ಕೆ ಮನೆ ಸಮಾರಂಭಗಳಿಗೂ ಕೊಡುವುದು. ಕಾಗದದ ಲೋಟದ ಒಳಗೆ ಪ್ಲಾಸ್ಟಿಕ್ಕಿನ ತೆಳುಪದರವಿರುವುದರಿಂದ ಅದನ್ನು ಪರಿಹಾರವೆಂದು ತಿಳಿಯಬಾರದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮೊಕೋಲು ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲಿ, ನಿಷೇಧದ ಆದೇಶ ಬಂದಿತ್ತು. ಹೀಗಿದ್ದೂ ದೇವರ ಹಬ್ಬದ ಹೆಸರಿನಲ್ಲಿ ಅವನ್ನು ಬಳಸುವುದು ಕಾನೂನನ್ನೂ ಮುರಿದಂತೆ, ಬೋಧನೆಯನ್ನೂ ಮುರಿದಂತೆ. ದಾನಿಗಳ ಭಾವಚಿತ್ರವಿರುವ ಫ್ಲೆಕ್ಸ್‌ಗಳನ್ನು ಕೈಬಿಡುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಪ್ರತಿಷ್ಠೆಯೂ ಅಂಟಿಕೊಂಡಿರುತ್ತದೆ. ಬಟ್ಟೆಯ ಮೇಲೆ ಬರೆಸಿದ ಬ್ಯಾನರನ್ನು ದಿನಾಂಕವಿಲ್ಲದೆ ಮಾಡಿಸಿದರೆ ಪ್ರತಿವರ್ಷ ಬಳಸಬಹುದು.

ನವೆಂಬರ್ 2ರ ಮೃತರ ಸ್ಮರಣೆಯ ದಿನವನ್ನು ಮರೆಯಬೇಡಿ. ಆ ಸಂಜೆ ಸ್ಮಶಾನದಲ್ಲಿ ಉಳಿಯುವ ಪಾಲಿಥೀನ್ ಹೊದಿಕೆ, ಪ್ಲಾಸ್ಟಿಕ್ ಹೂವು ಮತ್ತು ಮೇಣದ ಚೂರುಗಳನ್ನು ಒಮ್ಮೆ ನೋಡಿದವರು ಮುಂದಿನ ವರ್ಷ ಗೇಟಿನ ಬಳಿ ಬುಟ್ಟಿ ಹಿಡಿದು ನಿಲ್ಲುತ್ತಾರೆ. ಹೂವು ಗೊಬ್ಬರಕ್ಕೆ, ಮೇಣ ಮತ್ತೆ ಮೇಣದಬತ್ತಿಗೆ.

ಗಿಡ ನೆಟ್ಟರೆ ಸಾಲದೇ?

ಸಾಲದು. ಪರಿಸರ ದಿನವಾದ ಜೂನ್ 5ರಂದು ನೆಟ್ಟು, ಮುಂದಿನ ಮಾರ್ಚಿನ ಬಿಸಿಲಿಗೆ ಒಣಗುವ ಗಿಡಗಳಿಂದ ಫೋಟೊ ಮಾತ್ರ ಉಳಿಯುತ್ತದೆ. ನೆಡುವುದಾದರೆ ಕಡಿಮೆ ನೆಡಿ. ಹೊಂಗೆ, ನೇರಳೆ, ಬೇವು, ಹಲಸು, ಅತ್ತಿಯಂಥ ಈ ನೆಲದ ಮರಗಳನ್ನು ಆರಿಸಿ. ಪ್ರತಿ ಗಿಡಕ್ಕೂ ಹತ್ತಿರದ ಒಂದು ಕುಟುಂಬವನ್ನು ಹೊಣೆ ಮಾಡಿ ಎರಡು ಬೇಸಿಗೆಗಳ ನೀರಿನ ವ್ಯವಸ್ಥೆ ಮಾಡಿದ ಮೇಲೆಯೇ ಗುಂಡಿ ತೋಡಿ. ಮೇಲೆ ವಿದ್ಯುತ್ ತಂತಿ, ಕೆಳಗೆ ಕೊಳವೆ ಇರುವ ಜಾಗದಲ್ಲಿ ನೆಡಬೇಡಿ.

ಇರುವ ಮರವನ್ನು ಉಳಿಸುವುದು ಹೊಸದನ್ನು ನೆಡುವುದಕ್ಕಿಂತ ದೊಡ್ಡ ಕೆಲಸ. ಬುಡದ ಸುತ್ತ ಕಾಂಕ್ರೀಟು ಸುರಿದಿದ್ದರೆ ಒಡೆಸಿ ಮಣ್ಣು ಕಾಣುವಂತೆ ಮಾಡಬಹುದು. ಮೊಳೆ ಮತ್ತು ಕೇಬಲ್ ತೆಗೆಯಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದಲ್ಲಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಖಾಸಗಿ ಜಾಗವೂ ಇದಕ್ಕೆ ಒಳಪಡುವುದರಿಂದ ಚರ್ಚಿನ ವಾಹನ ನಿಲುಗಡೆ ವಿಸ್ತರಿಸುವಾಗ ಈ ಮಾತನ್ನು ಸಭೆಯಲ್ಲಿ ನೆನಪಿಸುವ ಒಬ್ಬರಾದರೂ ಯುವಜನರಲ್ಲಿರಲಿ.

ನೀರಿನ ವಿಷಯದಲ್ಲಿ ಒಂದು ಧರ್ಮಕೇಂದ್ರ ಎಷ್ಟು ಮಾಡಲು ಸಾಧ್ಯ?

ಬಹಳ. ಲೆಕ್ಕ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಚರ್ಚು ಮತ್ತು ಸಭಾಂಗಣದ ಚಾವಣಿ ಸೇರಿ 5,000 ಚದರ ಅಡಿ, ಅಂದರೆ ಸುಮಾರು 465 ಚದರ ಮೀಟರ್ ಇದೆಯೆಂದುಕೊಂಡರೆ, ಐದರಲ್ಲಿ ಒಂದು ಪಾಲು ಕೈತಪ್ಪಿ ಹೋದರೂ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಲೆಕ್ಕ ಹಾಕಿದರೆ ಐವತ್ತು ಟ್ಯಾಂಕರು ದಾಟುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಸೋಸಿ ನೆಲದಡಿಯ ತೊಟ್ಟಿಗೆ (ಸಂಪ್) ಹಾಕಿ, ಹೆಚ್ಚಾದದ್ದನ್ನು ಇಂಗುಬಾವಿಗೆ ಬಿಟ್ಟರಾಯಿತು. 2009ರ ಕಾನೂನಿನಿಂದ ಜಲಮಂಡಳಿಯ ವ್ಯಾಪ್ತಿಯ ದೊಡ್ಡ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೂ ಹೌದು. ಹೇಗೆ ಮಾಡುವುದೆಂದು ಕಣ್ಣಾರೆ ನೋಡಲು ಜಯನಗರದಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಪ್ರದರ್ಶನ ಉದ್ಯಾನಕ್ಕೆ ಹೋಗಬಹುದು.

ನಮ್ಮ ನಲ್ಲಿಯ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪಾಗಿ ಬರುತ್ತದೆ. ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಪ್ರಕಟಿಸಬೇಕಾಯಿತು. ಆಗ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವರು ಯಾರು, ಟ್ಯಾಂಕರಿಗೆ ಫೋನು ಮಾಡಿದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಸುರಕ್ಷಿತ ಕುಡಿಯುವ ನೀರು ಮೂಲಭೂತ ಮಾನವ ಹಕ್ಕು ಎಂದು ‘ಲೌದಾತೊ ಸಿ’ಯ 30ನೆಯ ಪರಿಚ್ಛೇದ ಹೇಳುವುದರಿಂದ, ಚರ್ಚಿನ ಬಾವಿಯಲ್ಲಿ ನೀರು ನಿಂತರೆ ಬೇಸಿಗೆಯಲ್ಲಿ ನೆರೆಯ ಬೀದಿಗೂ ಒಂದು ನಲ್ಲಿ ಇರಬೇಕೆಂಬುದು ಈ ಬರಹಗಾರರ ಖಚಿತ ಅಭಿಪ್ರಾಯ.

ಗುರುಗಳು ಅಥವಾ ಪಾಲನಾ ಸಮಿತಿಯ ಹಿರಿಯರು ಒಪ್ಪದಿದ್ದರೆ?

ಅವರ ಹಿಂಜರಿಕೆಗೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಖರ್ಚು, ಮತ್ತು ಹುಡುಗರು ಎರಡು ತಿಂಗಳಲ್ಲಿ ಕೈಬಿಡುತ್ತಾರೆಂಬ ಅನುಭವ. ಎರಡನೆಯದು ಅನ್ಯಾಯದ ಮಾತೇನಲ್ಲ. ಆದ್ದರಿಂದ ಭಾಷಣದೊಂದಿಗೆ ಹೋಗದೆ ಒಂದು ತಿಂಗಳ ನೋಟ್‌ಬುಕ್ಕಿನೊಂದಿಗೆ, ವಿದ್ಯುತ್ ಮತ್ತು ಟ್ಯಾಂಕರ್ ಬಿಲ್ಲುಗಳೊಂದಿಗೆ ಹೋಗಿ. ‘ಫಾದರ್, ಒಂದು ಹಬ್ಬಕ್ಕೆ ಮಾತ್ರ ಅವಕಾಶ ಕೊಡಿ, ಸರಿಹೋಗದಿದ್ದರೆ ಬಿಟ್ಟುಬಿಡೋಣ’ ಎಂದು ಕೇಳಿದರೆ ಇಲ್ಲವೆನ್ನುವ ಗುರುಗಳು ಕಡಿಮೆ. ಅಡುಗೆ ಉಸ್ತುವಾರಿ ವಹಿಸುವ ಅಮ್ಮಂದಿರನ್ನು ಮೊದಲೇ ಕೇಳಿ, ಅವರ ಸಲಹೆ ಪಡೆಯಿರಿ. ಎಷ್ಟು ಅನ್ನ ಉಳಿಯುತ್ತದೆ, ಏಕೆ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತು.

ಬೇರೆ ಧರ್ಮದವರೊಂದಿಗೆ ಸೇರಿ ಕೆಲಸ ಮಾಡಬಹುದೇ?

ಮಾಡಲೇಬೇಕು. ಭೂಮಿಯ ಮೇಲಿನ ಪ್ರತಿಯೊಬ್ಬರನ್ನೂ ಉದ್ದೇಶಿಸಿ ಬರೆದ ಪತ್ರ ‘ಲೌದಾತೊ ಸಿ’. ಆರ್ಥೊಡಾಕ್ಸ್ ಸಭೆಯ ಪಿತಾಮಹ ಬಾರ್ಥೊಲೊಮಿಯೊ ಅವರನ್ನೂ ಒಬ್ಬ ಸೂಫಿ ಸಂತರನ್ನೂ ಅದು ಉಲ್ಲೇಖಿಸುತ್ತದೆ. ಬೀದಿಯ ಕಸಕ್ಕೆ ಜಾತಿ ಮತವಿಲ್ಲ. ಇಂಥ ಕೆಲಸದಲ್ಲಿ ಮತಪ್ರಚಾರದ ಕರಪತ್ರಗಳನ್ನು ಬೆರೆಸಬಾರದು.

ಇದು ರಾಜಕೀಯವಾಗುವುದಿಲ್ಲವೇ?

ಪಕ್ಷ ರಾಜಕೀಯವಾಗಬಾರದು, ನಾಗರಿಕ ಕರ್ತವ್ಯವಾಗಬೇಕು. ನಾಗರಿಕರು ಅಧಿಕಾರವನ್ನು, ಪುರಸಭೆಯ ಮಟ್ಟದಲ್ಲಿಯೂ, ಹತೋಟಿಯಲ್ಲಿಡದಿದ್ದರೆ ಪರಿಸರದ ಹಾನಿಯನ್ನು ತಡೆಯಲಾಗದೆಂದು ‘ಲೌದಾತೊ ಸಿ’ಯ 179ನೆಯ ಪರಿಚ್ಛೇದ ನೇರವಾಗಿ ಹೇಳುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಸಾಕ್ಷಿಯಿದೆ: ಎಂಟುನೂರಕ್ಕೂ ಹೆಚ್ಚು ಮರಗಳನ್ನು ಬಲಿ ಕೇಳುತ್ತಿದ್ದ ಹೆಬ್ಬಾಳ ಮಾರ್ಗದ ಉಕ್ಕಿನ ಮೇಲ್ಸೇತುವೆಯ ವಿರುದ್ಧ 2016ರ ಅಕ್ಟೋಬರಿನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2025ರ ಸೆಪ್ಟೆಂಬರಿನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ನಿಮ್ಮ ಧರ್ಮಕೇಂದ್ರ ಯಾವ ಪಾಲಿಕೆಗೆ ಸೇರಿದೆ, ವಾರ್ಡಿನ ಎಂಜಿನಿಯರ್ ಯಾರು ಎಂಬುದು ತಿಳಿದಿರದೆ ಮನವಿ ಬರೆಯುವುದು ವ್ಯರ್ಥ.

ಪರೀಕ್ಷೆ, ಕೆಲಸ, ವರ್ಗಾವಣೆಗಳ ನಡುವೆ ಇದನ್ನು ಮುಂದುವರಿಸುವುದು ಹೇಗೆ?

ಎಲ್ಲ ಹೊಣೆಯನ್ನೂ ಒಬ್ಬ ಉತ್ಸಾಹಿಯ ಮೇಲೆ ಹಾಕಿದ ಸಂಘಗಳು ಆ ವ್ಯಕ್ತಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕ ದಿನ ನಿಲ್ಲುತ್ತವೆ. ಸಾಮಾಜಿಕ ಸಮಸ್ಯೆಗಳಿಗೆ ಬಿಡಿ ಬಿಡಿ ಸತ್ಕಾರ್ಯಗಳ ಮೊತ್ತ ಸಾಲದು, ಸಮುದಾಯದ ಜಾಲಗಳು ಬೇಕು ಎಂದು ‘ಲೌದಾತೊ ಸಿ’ಯ 219ನೆಯ ಪರಿಚ್ಛೇದ ಹೇಳುವುದು ಇದನ್ನೇ. ಪ್ರತಿ ಕೆಲಸಕ್ಕೂ ಇಬ್ಬರನ್ನು ನೇಮಿಸಿ, ಅವರಲ್ಲಿ ಒಬ್ಬರು ಹತ್ತನೆಯ ತರಗತಿ ದಾಟದವರಾಗಿರಲಿ. ಗೊಬ್ಬರದ ಗುಂಡಿ, ಮಳೆನೀರಿನ ಸೋಸುಕ, ಗಿಡಗಳು, ಹಬ್ಬದ ಪಾತ್ರೆಗಳು ಎಂದು ಹೊಣೆ ಹಂಚಿ, ಏನನ್ನು ಯಾವಾಗ ಮಾಡಬೇಕೆಂಬುದನ್ನು ಬರೆದು ಸಂಘದ ಕಪಾಟಿನಲ್ಲಿಡಿ. ಪರೀಕ್ಷೆಯ ತಿಂಗಳುಗಳಲ್ಲಿ ಗುಂಡಿ ಮಗುಚುವುದು ಮತ್ತು ಗಿಡಕ್ಕೆ ನೀರು ಹಾಕುವುದು ಮಾತ್ರ ನಡೆಯಲಿ, ಉಳಿದದ್ದನ್ನು ನಿಲ್ಲಿಸಿದರೂ ನಷ್ಟವಿಲ್ಲ. ಈಸ್ಟರ್ ಹಬ್ಬಕ್ಕೆ ಮುನ್ನ ಬರುವ ತಪಸ್ಸುಕಾಲದಲ್ಲಿ ಉಪವಾಸದ ಜೊತೆಗೆ ಆತ್ಮಪರಿಶೀಲನೆಗೆ ಸೃಷ್ಟಿಯ ವಿಷಯವನ್ನೂ ಸೇರಿಸಬಹುದು; ದಯೆಯ ಕಾರ್ಯಗಳ ಪಟ್ಟಿಗೆ ಸೃಷ್ಟಿಯ ಪಾಲನೆಯನ್ನು ಸೇರಿಸಬೇಕೆಂದು ಪೋಪ್ ಫ್ರಾನ್ಸಿಸರು 2016ರಲ್ಲಿ ಸೂಚಿಸಿದ್ದರು.

ವಿಶ್ವಮಟ್ಟದ ಯಾವುದಾದರೂ ಯೋಜನೆಗೆ ಸೇರಬಹುದೇ?

ವ್ಯಾಟಿಕನ್ನಿನ ಲೌದಾತೊ ಸಿ ಕ್ರಿಯಾ ವೇದಿಕೆ 2021ರಲ್ಲಿ ಆರಂಭವಾಯಿತು. ಕುಟುಂಬಗಳು, ಧರ್ಮಕೇಂದ್ರಗಳು, ಶಾಲೆಗಳು, ಆಸ್ಪತ್ರೆಗಳು ಮುಂತಾದವು ಏಳು ಗುರಿಗಳನ್ನಿಟ್ಟುಕೊಂಡು ಏಳು ವರ್ಷಗಳ ಪಯಣಕ್ಕೆ ಸೇರಬಹುದಾದ ವ್ಯವಸ್ಥೆ ಅದು. ಭೂಮಿಯ ಕೂಗು ಮತ್ತು ಬಡವರ ಕೂಗಿಗೆ ಓಗೊಡುವುದು ಆ ಗುರಿಗಳಲ್ಲಿ ಮೊದಲ ಎರಡು. ಅಂತರ್ಜಾಲದಲ್ಲಿ ನೋಂದಾಯಿಸಿಕೊಂಡು ತಮ್ಮ ಸ್ಥಿತಿಯನ್ನು ತಾವೇ ಅಳೆದು, ವಾರ್ಷಿಕ ಯೋಜನೆ ಬರೆದು ಸಲ್ಲಿಸಬೇಕು. ಕಸ ಮತ್ತು ನೀರಿನ ನೋಟ್‌ಬುಕ್ಕು ತುಂಬಿದ ಸಂಘಕ್ಕೆ ಆ ನಮೂನೆ ತುಂಬುವುದು ಒಂದು ಮಧ್ಯಾಹ್ನದ ಕೆಲಸ. ಉಳಿದವರು ಮೊದಲು ನೋಟ್‌ಬುಕ್ಕು ತುಂಬಲಿ.